ಮೇ ತಿಂಗಳಲ್ಲಿ ಸ್ಲ್ಯಾಬ್: ಯಾವ ದಿನ ಸೈಟ್ ಬಿಟ್ಟು ಹೋಗಬಹುದು, ಯಾವ ದಿನ ಬಿಡಬಾರದು? (ಹುಬ್ಬಳ್ಳಿ, ಎರಿ ಮಣ್ಣು)

ಎರಿಹೊಲದ_ಮನಿ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ಗದಗ ರಸ್ತೆ ಕಡೆ 30×50 ಸೈಟು, ಪೂರಾ ಎರಿ (ಕಪ್ಪು ಹತ್ತಿ) ಮಣ್ಣು. ಅಂಡರ್‌ರೀಮ್ ಪೈಲ್ (ನೆಲದಾಳಕ್ಕೆ ಇಳಿಸಿದ, ಬುಡದಲ್ಲಿ ಉಬ್ಬಿದ ಕಾಂಕ್ರೀಟ್ ಕಂಬ), ಅದರ ಮೇಲೆ ಪ್ಲಿಂತ್ ಬೀಮ್ (ಬುನಾದಿ ಮಟ್ಟದ ತೊಲೆ), ಒಳಗೆ ಗರಸು ತುಂಬಿ ಧುಮ್ಮಸ್ ಹೊಡೆಸುವ ತನಕ ಕೆಲಸ ಮುಗಿದಿದೆ. ಕಾಲಮ್ ಎದ್ದಿವೆ, ಈಗ ಸೆಂಟ್ರಿಂಗ್ (ಕಾಂಕ್ರೀಟ್ ಹೊರುವ ತಾತ್ಕಾಲಿಕ ತಗಡು, ಜಾಕಿಗಳ ಆಸರೆ) ನಡೆದಿದೆ, ಗೋಡೆ ಇನ್ನೂ ಕಟ್ಟಿಲ್ಲ. ಸ್ಲ್ಯಾಬ್ ಸುಮಾರು 1000 ಚದರ ಅಡಿ, 5 ಇಂಚು ದಪ್ಪ. ಅತಿ ಉದ್ದದ ಬೀಮ್ 15 ಅಡಿ. ಎಂ20 ದರ್ಜೆಯ ಕಾಂಕ್ರೀಟ್, ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟ್. ಮೇ 5ಕ್ಕೆ ಹಾಕುವುದೆಂದು ನಿಶ್ಚಯವಾಗಿದೆ.

ಮಕ್ಕಳಿಗೆ ಬೇಸಿಗೆ ರಜೆ ಇರುವುದೂ ಇದೇ ತಿಂಗಳು. ಗದಗ, ಲಕ್ಕುಂಡಿ ತೋರಿಸಬೇಕು. ಸಾಧ್ಯವಾದರೆ ಎರಡು ದಿನ ಹಾವೇರಿ ಕಡೆ ಹೋಗಬೇಕು. ವಾರಕ್ಕೊಂದು ಸಿನಿಮಾ ಎಂದು ಮಾತೂ ಕೊಟ್ಟಾಗಿದೆ. ಮನೆಯಲ್ಲಿ ಸೈಟಿನ ಕಡೆ ನೋಡಿಕೊಳ್ಳುವವರು ಒಬ್ಬರೇ. ಕಾಂಟ್ರ್ಯಾಕ್ಟರ್ "ನೀರು ಹೊಡೆಯುವುದೊಂದು ನಿಮ್ಮದು, ಉಳಿದದ್ದು ನಮ್ಮದು" ಅನ್ನುತ್ತಾರೆ. ಇಡೀ ತಿಂಗಳಲ್ಲಿ ಸೈಟಿನಲ್ಲಿ ನಿಂತಿರಲೇಬೇಕಾದ ದಿನ ಯಾವುವು? ಬೆಳಿಗ್ಗೆ ಹೋಗಿ ಸಂಜೆ ಬರಬಹುದಾದ ದಿನ ಯಾವುವು? ನೀರು ಎಷ್ಟು ಬೇಕು? ನಡುವೆ ಅಡ್ಡಮಳೆ ಬಂದರೆ ಏನು ಮಾಡಬೇಕು?

ಇನ್ನೊಂದು ವಿಷಯ: ಮುಂದೆ ಹಾಲಿನಲ್ಲಿ ಪ್ರೊಜೆಕ್ಟರ್ ಹಾಕಿ ಸಿನಿಮಾ ನೋಡುವ ಆಸೆ ಇದೆ. ಅದಕ್ಕೆ ಸ್ಲ್ಯಾಬಿನೊಳಗೆ ಈಗಲೇ ಪೈಪ್ ಬಿಡಬೇಕೇ?

ಬೀಮ್_ಕಾಲಮ್_ಧಾರವಾಡ

ತಾರೀಖು ಹಿಡಿದೇ ಹೇಳುತ್ತೇನೆ. ಮೇ 2ರಿಂದ 8ರವರೆಗೆ ಊರು ಬಿಡಬೇಡಿ. 9ರಿಂದ 19ರವರೆಗೆ ಬೆಳಿಗ್ಗೆ ಸ್ಲ್ಯಾಬಿನ ಮೇಲೆ ನೀರು ಕಟ್ಟಿ ನಿಲ್ಲಿಸಿ ಹೋಗಿ ಸಂಜೆಗೆ ಬರಬಹುದು. 20ರಿಂದ 25ರವರೆಗೆ ಎರಡು ದಿನ ಹೊರಗೆ ತಂಗಿದರೂ ಕೆಡುವಂಥದ್ದಿಲ್ಲ. 26ಕ್ಕೆ ಮತ್ತೆ ಸೈಟಿನಲ್ಲಿರಬೇಕು, ಆ ದಿನ ಬೀಮಿನ ಜಾಕಿ ಬಿಚ್ಚುತ್ತಾರೆ.

ಜನ ಮೈಮರೆಯುವುದು ಸ್ಲ್ಯಾಬಿಗಿಂತ ಮುಂಚಿನ ಮೂರು ದಿನಗಳಲ್ಲಿ. ಮಿಕ್ಸರ್ ಬಂದು ನಿಂತ ಮೇಲೆ ಎಂಜಿನಿಯರನ್ನು ಕರೆಸಿ ಸಳಿ (ಕಬ್ಬಿಣದ ಕಂಬಿ) ತೋರಿಸುತ್ತಾರೆ. ಮೂವತ್ತು ಆಳು ಕಾಯುತ್ತಿರುವಾಗ "ಇದನ್ನು ಬಿಚ್ಚಿ ಕಟ್ಟಿ" ಎಂದು ಹೇಳುವ ಧೈರ್ಯ ಯಾರಿಗೂ ಇರುವುದಿಲ್ಲ. ಹಾಗಾಗಿ ಸಳಿ ಕಟ್ಟುವುದು 3ನೇ ತಾರೀಖಿಗೆ ಮುಗಿಯಬೇಕು, 4ರ ಬೆಳಿಗ್ಗೆ ತಪಾಸಣೆ ಆಗಬೇಕು, ತಿದ್ದಲು ಮಧ್ಯಾಹ್ನವೆಲ್ಲ ಉಳಿಯಬೇಕು.

ತಪಾಸಣೆಯಲ್ಲಿ ನೀವೇ ನೋಡಬಹುದಾದವು ಇವು. ಸ್ಲ್ಯಾಬಿನ ಕೆಳಗಿನ ಸಳಿಗೆ 20 ಎಂಎಂ, ಬೀಮಿಗೆ 25 ಎಂಎಂ ಕವರ್ ಬ್ಲಾಕ್ (ಸಳಿಯನ್ನು ಪ್ಲೇಟಿನಿಂದ ಎತ್ತಿ ಹಿಡಿಯುವ ಬಿಲ್ಲೆ) ಬೇಕು. ಖಡಿ ಚೂರು ಇಟ್ಟರೆ ನಡೆಯುವುದಿಲ್ಲ, ಅದು ಜಾರಿ ಸಳಿ ಪ್ಲೇಟಿಗೆ ಕೂಡುತ್ತದೆ. ಬೀಮಿನ ಮೇಲೆ ಹಾಯುವ ಮೇಲಿನ ಸಳಿಗೆ ಕೆಳಗೆ ಕುರ್ಚಿ (ಬಾಗಿಸಿದ ಸಳಿಯ ಆಸರೆ) ಇರಬೇಕು. ಇಲ್ಲದಿದ್ದರೆ ಬುಟ್ಟಿ ಹೊತ್ತವರ ಕಾಲಿಗೆ ಸಿಕ್ಕು ಅದು ಕೆಳಗಿನ ಸಳಿಯ ಜೊತೆ ಕೂತುಬಿಡುತ್ತದೆ. ಆಮೇಲೆ ಬೀಮಿನ ಗುಂಟ ತಾರಸಿಯ ಮೇಲೆ ಉದ್ದಕ್ಕೆ ಬಿರುಕು ಕಾಣಿಸುತ್ತದೆ, ಮಳೆಗಾಲದಲ್ಲಿ ಅಲ್ಲಿಂದಲೇ ನೀರು ಇಳಿಯುತ್ತದೆ. ಜೋಡಣೆ ಇರುವಲ್ಲಿ ಎಫ್‌ಇ500 ದರ್ಜೆಯ ಸಳಿಗೆ ಎಂ20ರಲ್ಲಿ ವ್ಯಾಸದ 57 ಪಟ್ಟು ಉದ್ದ ಬೇಕು, ಅಂದರೆ 10 ಎಂಎಂ ಸಳಿಗೆ ಎರಡು ಅಡಿಗೆ ತುಸು ಕಡಿಮೆ. ಎಲ್ಲ ಜೋಡಣೆಗಳೂ ಒಂದೇ ಗೆರೆಯಲ್ಲಿ ಬರಬಾರದು. ಬಾಲ್ಕನಿ, ಸಜ್ಜಾಗಳಲ್ಲಿ ಮುಖ್ಯ ಸಳಿ ಮೇಲ್ಭಾಗದಲ್ಲಿರಬೇಕು. ಅದು ಕೆಳಗೆ ಹೋಗಿದ್ದರೆ ಕೆಲಸ ನಿಲ್ಲಿಸಿಬಿಡಿ.

ಎರಿ ಮಣ್ಣಿನವರು ಕಡ್ಡಾಯವಾಗಿ ನೋಡಬೇಕಾದದ್ದು ಜಾಕಿಯ ಬುಡ. ಪ್ಲಿಂತಿನ ಒಳಗಿನ ಜಾಕಿ ಗರಸಿನ ಮೇಲಿವೆ, ಅಷ್ಟು ಚಿಂತೆ ಇಲ್ಲ. ಪೋರ್ಚ್ ಮತ್ತು ಬಾಲ್ಕನಿ ಕೆಳಗಿನವು ಹೊರಗೆ ನೇರ ಎರಿಯ ಮೇಲೆ ನಿಂತಿರುತ್ತವೆ. ಮೇ ತಿಂಗಳಲ್ಲಿ ಅದು ಕಲ್ಲಿನಷ್ಟು ಗಟ್ಟಿ ಕಾಣುತ್ತದೆ. ಮೇಲಿನಿಂದ ಎರಡು ದಿನ ನೀರು ಸೋರಿತೆಂದರೆ ಅಂಟಾಗಿ ಜಾಕಿ ಕುಸಿಯುತ್ತದೆ, ಬಾಲ್ಕನಿಯ ತುದಿ ಅಷ್ಟೇ ಇಳಿದು ಹಾಗೇ ಗಟ್ಟಿಯಾಗುತ್ತದೆ. ಮೇಲಿನ ಎರಿ ಒಂದು ಅಡಿ ತೆಗೆದು ಗರಸು ಬಡಿದು, ಅದರ ಮೇಲೆ 9 ಇಂಚು ಅಗಲದ ಹಲಗೆ ಉದ್ದಕ್ಕೆ ಹಾಸಿ ಜಾಕಿ ನಿಲ್ಲಿಸಲು ಹೇಳಿ. ಇಟ್ಟಂಗಿ ಚೂರಿನ ಮೇಲೆ ನಿಂತ ಜಾಕಿ ಒಂದೂ ಇರಬಾರದು.

ಜಾಕಿ ಬಿಚ್ಚುವ ಲೆಕ್ಕ: ಐಎಸ್ 456ರಲ್ಲಿ (ಕಾಂಕ್ರೀಟಿನ ಭಾರತೀಯ ಮಾನಕ) 4.5 ಮೀಟರ್ ಒಳಗಿನ ಸ್ಲ್ಯಾಬಿಗೆ 7 ದಿನ, 6 ಮೀಟರ್ ಒಳಗಿನ ಬೀಮಿಗೆ 14 ದಿನ ಎಂದಿದೆ. ಅದು ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಲೆಕ್ಕ. ಪಿಪಿಸಿ ಮೊದಲ ವಾರಗಳಲ್ಲಿ ನಿಧಾನ ಗಟ್ಟಿಯಾಗುತ್ತದೆ. ಸ್ಲ್ಯಾಬಿಗೆ 14, ಬೀಮಿಗೆ 21 ದಿನ ಇಟ್ಟುಕೊಳ್ಳಿ. ಸೆಂಟ್ರಿಂಗ್ ಪ್ಲೇಟು ಬಾಡಿಗೆಯದು, ಇನ್ನೊಂದು ಸೈಟಿಗೆ ಬೇಕು ಎಂದು 10ನೇ ದಿನಕ್ಕೆ ಕೇಳಲು ಬರುತ್ತಾರೆ. ನೀವು ಊರಲ್ಲಿ ಇಲ್ಲದಾಗ ಬಿಚ್ಚಿಬಿಡುವುದೂ ಉಂಟು. ಹೊರಡುವ ಮುಂಚೆ ಕಾಂಟ್ರ್ಯಾಕ್ಟರಿಗೆ ಮಾತ್ರ ಹೇಳಿದರೆ ಸಾಲದು, ಸೆಂಟ್ರಿಂಗ್ ಮೇಸ್ತ್ರಿಗೂ 26ರ ಮುಂಚೆ ಬೀಮಿಗೆ ಕೈ ಹಚ್ಚಬಾರದೆಂದು ಹೇಳಿರಿ. ಬಿಚ್ಚುವಾಗ ಸ್ಲ್ಯಾಬಿನ ನಡುವಿನಿಂದ ಆಚೀಚೆ ಬೀಮಿನ ಕಡೆ ಹೋಗಬೇಕು. ಬಾಲ್ಕನಿಯಲ್ಲಿ ತುದಿಯಿಂದ ಒಳಗೆ ಬರಬೇಕು. ಇದು ತಿರುಗುಮುರುಗಾದರೆ, ಹೊರೆ ಹೊರಲು ಸಳಿಯೇ ಇಲ್ಲದ ಕಡೆ ಭಾರ ಬೀಳುತ್ತದೆ.

ಗೌಂಡಿ_ಮಾಸ್ತರ_ಹಳೇಹುಬ್ಬಳ್ಳಿ

ಮ್ಯಾಲಿನವ್ರು ಹೇಳಿದ್ದು ಖರೇ ಐತ್ರಿ. ನಾ ಬರೇ 5ನೇ ತಾರೀಖಿನ ಕೆಲಸದ ಬಗ್ಗೆ ಹೇಳ್ತೀನಿ.

ಮಾಲ ಮೊದಲ ಲೆಕ್ಕ ಹಾಕ್ಕೋರಿ. 1000 ಚದರ ಅಡಿ, 5 ಇಂಚು ಅಂದ್ರ ಬರೇ ಸ್ಲ್ಯಾಬಿಗೆ ಹನ್ನೊಂದೂವರಿ ಘನಮೀಟರ್ ಚಿಲ್ಲರೆ. ಬೀಮ್ ಸೇರಿದ್ರ ಹದಿನಾಕೂವರಿ ತನಕ ಹೊಕ್ಕೈತಿ. 1:1.5:3 (ಸಿಮೆಂಟ್, ಉಸುಕು, ಖಡಿ) ಹದಕ್ಕ ಘನಮೀಟರಿಗೆ 8 ಚೀಲ ಹಿಡೀರಿ, 115ರಿಂದ 120 ಚೀಲ ಸಿಮೆಂಟ್ ಬೇಕು. ಉಸುಕು ಎರಡೂಕಾಲು ಬ್ರಾಸ್ (ಒಂದು ಬ್ರಾಸ್ ಅಂದ್ರ 100 ಘನ ಅಡಿ), ಖಡಿ ನಾಕೂವರಿ ಬ್ರಾಸ್. ಖಡಿ ಎಲ್ಲಾ 20 ಎಂಎಂ ತರಿಸಬ್ಯಾಡ್ರಿ, ಮೂರನೇ ಒಂದು ಪಾಲು 12 ಎಂಎಂ ಇರ್ಲಿ, ಬೀಮಿನ ಸಳಿ ಸಂದ್ಯಾಗ ಇಳಿಯೂದು ಅದ. ಹತ್ತು ಚೀಲ ಹೆಚ್ಚಿಗೆ ಇಟ್ಕೋರಿ, ಉಳದ್ರ ಗ್ವಾಡಿಗೆ ಬರ್ತೈತಿ. ಕಡಿಮಿ ಬಿದ್ರ ಸಂಜಿಮುಂದ ಅಂಗಡಿ ಹುಡುಕೂದರಾಗ ಹಳೇ ಮಾಲಿಗೂ ಹೊಸಾ ಮಾಲಿಗೂ ನಡುವ ಜೋಡು ಬೀಳ್ತೈತಿ.

ಒಂದು ಚೀಲದ ಮಿಕ್ಸರ್ ತಾಸಿಗೆ 12–15 ಚೀಲ ತಿರಗಿಸ್ತೈತಿ. ಅಂದ್ರ ಎಂಟು-ಒಂಬತ್ತು ತಾಸಿನ ಕೆಲಸ. ಮುಂಜಾನಿ ಆರಕ್ಕ ಮೊದಲನೇ ಬುಟ್ಟಿ ಬೀಳಬೇಕು, ಮೂರರ ಒಳಗ ಮುಗೀಬೇಕು. ಮೇದಾಗ ಅಡ್ಡಮಳಿ ಬರೂದು ಹೆಚ್ಚಾಗಿ ಮಧ್ಯಾಹ್ನ ಮ್ಯಾಲೆ. ಒಂಬತ್ತಕ್ಕ ಶುರು ಮಾಡಿದ್ರ ಕಡೀ ಪಾಲು ಮೋಡದ ಕೈಯಾಗ ಸಿಕ್ಕಂಗ.

ಮನಿಯವ್ರು ಚೀಲ ಎಣಸಕೋತ ಕುಂದರ್ತಾರ, ನೀರಿನ ಕಡೆ ನೋಡೂದಿಲ್ಲ. ನೋಡಬೇಕಾದ್ದು ನೀರು. 50 ಕಿಲೋ ಚೀಲಕ್ಕ 25 ಲೀಟರ್, ಉಸುಕು ಹಸೀ ಇದ್ರ ಇನ್ನೂ ಕಡಿಮಿ. ಪೈಪ್ ಹಿಡದು ಅಂದಾಜಿಲೆ ಬಿಡೂದನ್ನ ನಿಂದರಸ್ರಿ. ಗುರ್ತು ಹಾಕಿದ ಬಕೆಟ್ ಕೊಡ್ರಿ. ಮಾಲು ಬಿಸಿ ಝುಣಕದ ಹದಾ ಇರ್ಬೇಕು, ಅಂಬಲಿ ಆಗಬಾರ್ದು. ಅಂಬಲಿ ಆದ್ರ ಸುರಿಯಾಕ ಹಗರ, ಖರೆ ಖಡಿ ಕೆಳಗ ಕುಂತು ಸಿಮೆಂಟ್ ಹಾಲು ಮ್ಯಾಲೆ ಬರ್ತೈತಿ, ಒಣಗಿದ ಮ್ಯಾಲೆ ಕೈಯಿಂದ ತಿಕ್ಕಿದ್ರ ಪುಡಿ ಉದರ್ತೈತಿ. ಪ್ರತಿ ಗಾಣ (ಮಿಕ್ಸರಿಗೆ ಒಮ್ಮೆ ಹಾಕಿದ ಮಾಲು) ಎರಡು ಮಿನಿಟ್ ಪೂರಾ ತಿರಗಬೇಕು. ಅಳತಿಗೆ ಫರ್ಮಾ (ಅಳತಿ ಪೆಟಗಿ) ಇಡಸ್ರಿ. 35 ಲೀಟರ್ ಫರ್ಮಾ ಅಂದ್ರ ಒಂದು ಚೀಲ ಸಿಮೆಂಟಿನ ಅಳತಿ: ಒಂದೂವರಿ ಫರ್ಮಾ ಉಸುಕು, ಮೂರು ಫರ್ಮಾ ಖಡಿ. ಬುಟ್ಟಿ ಲೆಕ್ಕ ಬ್ಯಾಡ. ಮುಂಜಾನಿ ತುಂಬೂ ಬುಟ್ಟಿ ಬ್ಯಾರೆ, ಮಧ್ಯಾಹ್ನ ದಣದ ಕೈ ತುಂಬೂ ಬುಟ್ಟಿ ಬ್ಯಾರೆ.

ವೈಬ್ರೇಟರ್ ಎರಡು ನೀಡಲ್ ಇರ್ಲಿ. ಒಂದು ಕೆಟ್ರ ಸಳಿಯಿಂದ ಚುಚ್ಚಕೋತ ನಿಂದರ್ತಾರ, ಬೀಮಿನ ಕೆಳಗ ಜೇನುಹುಟ್ಟಿನಂಗ ತೂತು ಬೀಳ್ತಾವು. ನೆಟ್ಟಗ ಇಳಿಸಿ ಗುಳ್ಳಿ ಬರೂದು ನಿಲ್ಲೂತನಕ, ಅಂದ್ರ 15–20 ಸೆಕೆಂಡ್ ಇಟ್ಟು, ಸಾವಕಾಶ ಎತ್ತಬೇಕು. ಒಂದೂವರಿ ಅಡಿಗೆ ಒಂದು ಸಲ. ಸಳಿಗೆ ಹಚ್ಚಿ ನಡಗಸೂದು, ಮಾಲು ದೂರ ದೂಡಾಕ ವೈಬ್ರೇಟರ್ ಬಳಸೂದು ಎರಡೂ ತಪ್ಪು.

ಊಟದ ಮಾತು ಹೇಳೇಬೇಕ್ರಿ. ಸ್ಲ್ಯಾಬ್ ದಿನ ಆಳುಗಳಿಗೆ ಗೋದಿ ಹುಗ್ಗಿ ಮಾಡಸೂದು ನಮ್ಮ ಕಡೆ ಪದ್ಧತಿ, ಛಲೋ ಪದ್ಧತಿ. ಆದ್ರ ಒಂದು ಗಂಟೆಕ್ಕ ಎಲ್ಲಾರ್ನೂ ಒಮ್ಮೆಲೆ ಕುಂದರಸಿದ್ರ ಮಾಲಿನ ಅಂಚು ಆ ಬಿಸಲಾಗ ಮುಕ್ಕಾಲು ತಾಸಿನ್ಯಾಗ ಬಿಗಿತೈತಿ, ಆಮ್ಯಾಲೆ ಹಾಕಿದ್ದು ಅದಕ್ಕ ಕೂಡೂದಿಲ್ಲ. ನಡುವ ಅರ್ಧ ಮಂದಿ ಆದ ಮ್ಯಾಲೆ ಅರ್ಧ ಮಂದಿ ಅಂತ ರೊಟ್ಟಿ ಊಟ ಕೊಡ್ರಿ, ಮಿಕ್ಸರ್ ನಿಂದ್ರಬಾರ್ದು. ಹುಗ್ಗಿ ಕೆಲಸ ಮುಗದ ಮ್ಯಾಲೆ ಬಡಸ್ರಿ, ನೆಮ್ಮದೀಲೆ ಉಣ್ತಾರ.

ನಡುವ ಮಳಿ ಬಂದ್ರ: ತಾಡಪತ್ರಿ ಮೊದಲ ತಂದು ಮ್ಯಾಲೆ ಇಟ್ಟಿರಬೇಕು, 1000 ಅಡಿ ಮುಚ್ಚೂವಷ್ಟು. ಕೆಲಸ ನಿಲ್ಲಸೂದಾದ್ರ ಸ್ಲ್ಯಾಬಿನ ನಟ್ಟನಡು ಪಟ್ಟಿ ನಿಲ್ಲಿಸಿ ನೆಟ್ಟಗ ಕಡದು ನಿಲ್ಲಸ್ರಿ, ಬೀಮಿನ ಅಂಚಿಗೆ ನಿಲ್ಲಸಬ್ಯಾಡ್ರಿ. ಮಾರನೇ ದಿನ ಆ ಅಂಚು ಒರಟು ಮಾಡಿ, ತೊಳದು, ಸಿಮೆಂಟ್ ಹಾಲು ಬಳದು ಮುಂದ ಹಾಕಬೇಕು. ಮಳಿ ನೀರು ನಿಂತಲ್ಲಿ ಒಣ ಸಿಮೆಂಟ್ ಉಗ್ಗತಾರ, ಹಂಗ ಮಾಡಾಕ ಬಿಡಬ್ಯಾಡ್ರಿ. ಅದು ಹಪ್ಪಳದಂಗ ಪದರ ಆಗಿ ಮುಂದ ಎದ್ದು ಬರ್ತೈತಿ. ನೀರು ಹೊರಗ ದೂಡಿ, ತೊಳದು ಹೋದ ಜಾಗಾಕ್ಕ ಅದ ಹದದ ಹೊಸಾ ಮಾಲು ಹಾಕ್ರಿ.

ಎರಿಹೊಲದ_ಮನಿ

ಇಬ್ಬರಿಗೂ ತುಂಬ ಧನ್ಯವಾದ. ಮಾಸ್ತರ, 5ರ ಸಂಜೆ ಕೆಲಸ ಮುಗಿದ ಮೇಲೆ ಫಸ್ಟ್ ಶೋಗೆ ಹೋಗಬಹುದೇ? ನಮ್ಮ ಓಣಿಯಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ ಬರುವುದಿಲ್ಲ, ಅದಕ್ಕೂ ಅಂತರ ಹೆಚ್ಚು. ಪಕ್ಕದ ಹೊಲದ ಬೋರ್ ನೀರು ಕೊಡುತ್ತೇವೆ ಎನ್ನುತ್ತಾರೆ, ಅದು ಸ್ವಲ್ಪ ಸವಳು. ನಡೆಯುತ್ತದೆಯೇ?

ಗೌಂಡಿ_ಮಾಸ್ತರ_ಹಳೇಹುಬ್ಬಳ್ಳಿ

5ಕ್ಕ ಬ್ಯಾಡ್ರಿ. ಮೂರಕ್ಕ ಮುಗದ್ರ ಏಳರ ತನಕದ ಹೊತ್ತು ಭಾಳ ನಾಜೂಕು. ಪಡುವಣ ಗಾಳಿ ಬೀಸ್ತೈತಿ, ಬಿಸಲು ಇರ್ತೈತಿ, ಮ್ಯಾಲಿನ ಪದರ ಬಡಾ ಬಡಾ ಒಣಗಿ ಕೂದಲೆಳಿ ಬಿರಕು ಬಿಡ್ತೈತಿ. ಹೊಳಪು ಹೋದ ಕೂಡ್ಲೆ ಪ್ಲಾಸ್ಟಿಕ್ ಹಾಳಿ ಹೊಚ್ಚಸ್ರಿ. ಬಿರಕು ಕಂಡ್ರ ಮಾಲು ಇನ್ನೂ ಮೆತ್ತಗ ಇದ್ದಾಗನ ಕಟ್ಟಿಗಿ ರಂಧಾದಿಂದ ಮತ್ತೊಮ್ಮೆ ತಿಕ್ಕಸ್ರಿ, ಕೂಡಕೋತಾವು. ಬಿಗದ ಮ್ಯಾಲೆ ಎಷ್ಟು ತಿಕ್ಕಿದ್ರೂ ಬರೇ ಮ್ಯಾಲೆ ಬಳದಂಗ. ಸಿನಿಮಾ 9ಕ್ಕ ನೋಡ್ರಿ.

ಮಲಪ್ರಭಾ_ನೀರು

ನೀರಿನ ಪ್ರಶ್ನೆಗೆ ಉತ್ತರ. ಕಲಸಲು ಬೇಕಾದ ನೀರು ಮತ್ತು ಸ್ಲ್ಯಾಬಿನ ಮೇಲೆ ನಿಲ್ಲಿಸಲು ಬೇಕಾದ ನೀರು ಎರಡನ್ನೂ ಬೇರೆ ಬೇರೆ ಯೋಚಿಸಿ.

ಕಲಸಲು 120 ಚೀಲಕ್ಕೆ 3000 ಲೀಟರ್. ಮಿಕ್ಸರ್ ತೊಳೆಯಲು, ಸೆಂಟ್ರಿಂಗ್ ಪ್ಲೇಟು ತಣಿಸಲು ಇನ್ನೊಂದು ಸಾವಿರ. ಕಾದ ತಗಡಿನ ಮೇಲೆ ಮಾಲು ಸುರಿಯಬಾರದು, ಮುಂಚೆ ನೀರು ಚಿಮುಕಿಸಬೇಕು. ಆದ್ದರಿಂದ 4ರ ಸಂಜೆಗೇ 5000 ಲೀಟರಿನ ಒಂದು ಟ್ಯಾಂಕರ್ ತುಂಬಿಸಿ ಇಟ್ಟುಕೊಳ್ಳಿ. ಈ ನೀರು ಸಿಹಿಯೇ ಆಗಿರಬೇಕು. ಸಳಿ ಇರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ, ಸಲ್ಫೇಟ್ 400 ಮಿಲಿಗ್ರಾಂ ಮೀರಬಾರದು, ಪಿಎಚ್ 6ಕ್ಕಿಂತ ಕಡಿಮೆ ಇರಬಾರದು ಎಂಬುದು ಐಎಸ್ 456ರ ಮಿತಿ. ಎರಿ ಸೀಮೆಯ ಸವಳು ಬೋರ್ ಇದನ್ನು ಸುಲಭವಾಗಿ ದಾಟಬಹುದು. ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) ಮೀಟರ್ ಅದ್ದಿ ನೋಡಿದರೆ ಕ್ಲೋರೈಡ್ ಎಷ್ಟೆಂದು ತಿಳಿಯುವುದಿಲ್ಲ, ಪ್ರಯೋಗಾಲಯಕ್ಕೆ ಕೊಡಬೇಕು. ಸವಳು ನೀರಿನ ಕೆಡುಕು ಮೊದಲ ವರ್ಷ ಕಾಣುವುದಿಲ್ಲ. ಒಳಗೆ ಸಳಿ ತುಕ್ಕು ಹಿಡಿದು ಉಬ್ಬಿ, ಸ್ಲ್ಯಾಬಿನ ಹೊಟ್ಟೆಯ ಪದರ ಕಳಚಿ ಬೀಳುವಾಗಲೇ ಗೊತ್ತಾಗುವುದು. ಹತ್ತು ಹದಿನೈದು ವರ್ಷದ ಮನೆಗಳಲ್ಲಿ ಸಳಿ ಹೊರಗೆ ಕಾಣುತ್ತಿದ್ದರೆ ಕಾರಣ ಹೆಚ್ಚಾಗಿ ಎರಡೇ: ಕವರ್ ಇಲ್ಲದ್ದು, ಉಪ್ಪು ನೀರು.

ನಿಲ್ಲಿಸುವ ನೀರಿಗೂ ಅದೇ ಸವಳು ಬೇಡ. ದಿನಾ ಆರಿ ಆರಿ ಉಪ್ಪು ಮೇಲೆ ಕೂಡುತ್ತ ಹೋಗುತ್ತದೆ.

ಲೆಕ್ಕ ಹೀಗೆ: 1000 ಚದರ ಅಡಿಗೆ ಒಂದು ಇಂಚು ನೀರು ನಿಲ್ಲಿಸಲು ಸುಮಾರು 2360 ಲೀಟರ್. 6ರ ಬೆಳಿಗ್ಗೆ ಹೊಲದಲ್ಲಿ ಮಡಿ ಕಟ್ಟಿದ ಹಾಗೆ ನಾಲ್ಕೈದು ಅಡಿಗೊಂದು ಒಡ್ಡು ಹಾಕಿಸಿ. ಒಡ್ಡಿಗೆ 1:10 ಬಡ ಗಾರೆ ಸಾಕು, ಆಮೇಲೆ ಸುಲಭವಾಗಿ ಕೀಳಬಹುದು. ಖರ್ಚು ಉಳಿಸಲು ಎರಿ ಮಣ್ಣಿನ ಒಡ್ಡು ಹಾಕುವವರಿದ್ದಾರೆ. ಒಣಗಿದರೆ ಅದು ಸೀಳಿ ನೀರು ಹೊರಟುಹೋಗುತ್ತದೆ, ಹಸಿ ಇದ್ದರೆ ಸ್ಲ್ಯಾಬಿಗೆ ಅಂಟಿ ಮುಂದೆ ವಾಟರ್‌ಪ್ರೂಫಿಂಗ್ ಕೂಡದಂತೆ ಮಾಡುತ್ತದೆ. ಮಡಿ ಚಿಕ್ಕದಿದ್ದಷ್ಟೂ ಒಳ್ಳೆಯದು. ದೊಡ್ಡ ಮಡಿಯಲ್ಲಿ ನೀರು ತಗ್ಗಿಗೆ ಸರಿದು ದಿಬ್ಬ ಒಣಗಿಯೇ ಉಳಿಯುತ್ತದೆ. ಬೀಮಿನ ಪಕ್ಕ ಮತ್ತು ಕಾಲಮ್‌ಗೆ ನೀರು ನಿಲ್ಲುವುದಿಲ್ಲ, ಗೋಣಿ ತಟ್ಟು ಸುತ್ತಿ ದಿನಕ್ಕೆ ಮೂರು ಸಲ ತೋಯಿಸಿ. ಪಿಪಿಸಿಗೆ 14 ದಿನ, ಅಂದರೆ 19ರ ಸಂಜೆಯವರೆಗೆ. ಹೊರಗೆ ಹೋಗುವ ದಿನ ಬೆಳಿಗ್ಗೆ ಎರಡು ಇಂಚು ತುಂಬಿಸಿ ಹೋದರೆ ಸಂಜೆಯವರೆಗೆ ಒಣಗುವುದಿಲ್ಲ, ಒಡ್ಡು ಸೋರದಿದ್ದರೆ. ಹಿಂದಿನ ಸಂಜೆಯೇ ಪ್ರತಿ ಮಡಿ ನೋಡಿ, ಸೋರುವುದನ್ನು ಮುಚ್ಚಿಸಿ.

ಈಗ ಎರಿ ಮಣ್ಣಿನ ಮಾತು. ನನ್ನ ಲೆಕ್ಕದಲ್ಲಿ ಇಡೀ ತಿಂಗಳಲ್ಲಿ ಅತಿ ಹೆಚ್ಚು ಕಾಳಜಿ ಬೇಕಾದದ್ದು ಇಲ್ಲಿಯೇ. ಮೇ ತಿಂಗಳಲ್ಲಿ ಎರಿ ಬಾಯಿ ತೆರೆದಿರುತ್ತದೆ. ಬೆರಳು ಹೋಗುವಷ್ಟು ಅಗಲದ ಬಿರುಕುಗಳು ಆಳಕ್ಕೆ ಇಳಿದಿರುತ್ತವೆ. ಸ್ಲ್ಯಾಬಿನ ನೀರು ಒಂದೇ ಮೂಲೆಯಿಂದ ಕೆಳಗೆ ಸುರಿಯುತ್ತಿದ್ದರೆ ಆ ಮೂಲೆಯ ಬಿರುಕಿಗೆ ಹದಿನಾಲ್ಕು ದಿನ ಒಂದೇ ಸಮನೆ ನೀರು ಇಳಿಯುತ್ತದೆ. ಅಲ್ಲಿಯ ಮಣ್ಣು ಉಬ್ಬುತ್ತದೆ, ಆಚೆಯ ಮೂಲೆ ಒಣಗಿಯೇ ಇರುತ್ತದೆ. ಪೈಲ್ ಇರುವುದರಿಂದ ಮನೆ ಏಳುವುದಿಲ್ಲ. ಆದರೆ ಪ್ಲಿಂತ್ ಬೀಮಿನ ಕೆಳಗೆ ಖಾಲಿ ಜಾಗ ಬಿಟ್ಟಿರದಿದ್ದರೆ ಉಬ್ಬಿದ ಮಣ್ಣು ಬೀಮನ್ನು ಕೆಳಗಿನಿಂದ ಒತ್ತುತ್ತದೆ. ಸಾಮಾನ್ಯವಾಗಿ 80 ಎಂಎಂ ಖಾಲಿ ಬಿಡುತ್ತಾರೆ. ನಿಮ್ಮಲ್ಲಿ ಬಿಟ್ಟಿದ್ದಾರೆಯೇ, ಅದರೊಳಗೆ ಮಣ್ಣು ಜರಿದು ತುಂಬಿದೆಯೇ ನೋಡಿ. ಸ್ಲ್ಯಾಬಿನ ಹೆಚ್ಚುವರಿ ನೀರಿಗೆ ಪೈಪ್ ಕೊಟ್ಟು ಪ್ಲಿಂತಿನಿಂದ ಕನಿಷ್ಠ 6 ಅಡಿ ಆಚೆ ಬಿಡಿ. ಟ್ಯಾಂಕರಿನವರು ಪೈಪ್ ಕಳಚುವಾಗ ಚೆಲ್ಲುವ ನೀರೂ ಕಾಲಮ್ ಬುಡಕ್ಕೆ ಬೀಳದಿರಲಿ. ಮಿರ್ಗಾ (ಮೃಗಶಿರಾ) ಮಳೆಗೆ ಮುಂಚೆ ಮನೆ ಸುತ್ತ ಮೂರು ಅಡಿ ಅಗಲ, ಹೊರಗೆ ಇಳಿಜಾರಾಗಿ ಗರಸು ಬಡಿಸಿ ಇಡಿ, ಫರ್ಸಿ ಆಮೇಲೆ ಹಾಕಬಹುದು.

ಪರದೆ_ವಿದ್ಯಾನಗರ

ಪ್ರೊಜೆಕ್ಟರ್ ಪೈಪಿನ ಬಗ್ಗೆ. ಸ್ಲ್ಯಾಬಿನೊಳಗೆ ವೈರಿಂಗ್‌ಗೆ 25 ಎಂಎಂ ಪೈಪ್ ಹಾಕುತ್ತಾರೆ. ಎಚ್‌ಡಿಎಂಐ (ಚಿತ್ರ, ಧ್ವನಿ ಒಯ್ಯುವ) ತಂತಿಯ ತಲೆಯೇ ಸುಮಾರು 20 ಎಂಎಂ ಅಗಲ, ಬಾಗಿದ 25ರ ಪೈಪಿನಲ್ಲಿ ಅದು ಹಾಯುವುದಿಲ್ಲ. 40 ಎಂಎಂ ಬೇಕು. ಆದರೆ ಸ್ಲ್ಯಾಬಿನ ದಪ್ಪದ ಮೂರನೇ ಒಂದು ಪಾಲಿಗಿಂತ ದಪ್ಪದ ಪೈಪ್ ಒಳಗೆ ಇಡಬಾರದು. 125 ಎಂಎಂ ಸ್ಲ್ಯಾಬಿಗೆ 40 ಅಂದರೆ ಅಂಚಿಗೆ ಬಂದಂತೆ, ಮೇಲೆ ಕೆಳಗೆ ಸಳಿ ಇರುವಲ್ಲಿ ಮಾಲು ಇಳಿಯಲು ಜಾಗವೇ ಉಳಿಯುವುದಿಲ್ಲ. ಆದ್ದರಿಂದ ಸ್ಲ್ಯಾಬಿನಲ್ಲಿ ಪ್ರೊಜೆಕ್ಟರಿನ ಕರೆಂಟಿಗೆ ಮಾತ್ರ ಒಂದು 25ರ ಪೈಪ್, ಒಂದು ಡಬ್ಬಿ ಬಿಡಿ. ಎಚ್‌ಡಿಎಂಐನ 40ರ ಪೈಪ್ ಗೋಡೆ ಕಟ್ಟುವಾಗ ಗೋಡೆಯೊಳಗೆ ನೆಟ್ಟಗೆ ಏರಿಸಿ, ಸೂರಿನಲ್ಲಿ ಪಟ್ಟಿ ಅಥವಾ ಫಾಲ್ಸ್ ಸೀಲಿಂಗ್ ಒಳಗೆ ಒಯ್ಯಿರಿ. ತಿರುವಿನಲ್ಲಿ ಎಲ್ಬೋ ಬೇಡ, ಉದ್ದ ಬೆಂಡ್ ಹಾಕಿ. ಒಳಗೊಂದು ಜಿಐ ತಂತಿ ಎಳೆದಿಡಿ. ಉದ್ದ ಎಂಟು-ಹತ್ತು ಮೀಟರ್ ಆಗುವುದಾದರೆ ಸಾದಾ ತಾಮ್ರದ ಎಚ್‌ಡಿಎಂಐಯಲ್ಲಿ 4ಕೆ ಚಿತ್ರ ಮಿಟುಕುತ್ತದೆ, ಆಪ್ಟಿಕಲ್ ತಂತಿ ಬೇಕು.

ಜಾಗದ ಲೆಕ್ಕ ಈಗಲೇ ಮಾಡಬೇಕು, ಫ್ಯಾನ್ ಡಬ್ಬಿ ಸ್ಲ್ಯಾಬಿನಲ್ಲೇ ಕೂಡುತ್ತದಲ್ಲ. 100 ಇಂಚು ಪರದೆ ಎಂದರೆ 221 ಸೆಂ.ಮೀ. ಅಗಲ, 125 ಸೆಂ.ಮೀ. ಎತ್ತರ. ಥ್ರೋ ಅನುಪಾತ 1.5 ಇರುವ ಯಂತ್ರಕ್ಕೆ ಅಗಲದ ಒಂದೂವರೆ ಪಟ್ಟು ದೂರ ಬೇಕು, ಅಂದರೆ 3.3 ಮೀಟರ್, 11 ಅಡಿ. ಹಾಲ್ 15 ಅಡಿ ಇದ್ದರೆ ಪ್ರೊಜೆಕ್ಟರ್ ಪರದೆಯಿಂದ 11 ಅಡಿಗೆ, ಫ್ಯಾನ್ ಸರಿಯಾಗಿ ನಡುವೆ ಏಳೂವರೆ ಅಡಿಗೆ ಬರುತ್ತದೆ. ಫ್ಯಾನಿನ ರೆಕ್ಕೆ ಬೆಳಕಿಗೆ ಅಡ್ಡ ಬಂದು ಚಿತ್ರವಿಡೀ ನಡುಗುತ್ತದೆ. ನಡುವೆ ಒಂದರ ಬದಲು ಆಚೆ ಈಚೆ ಎರಡು ಫ್ಯಾನ್ ಡಬ್ಬಿ ಬಿಡಿಸಿ. 4ನೇ ತಾರೀಖು ಎಲೆಕ್ಟ್ರಿಷಿಯನ್ ಇದ್ದಾಗಲೇ ಸೆಂಟ್ರಿಂಗ್ ಮೇಲೆ ಸುಣ್ಣದಲ್ಲಿ ಗುರುತು ಹಾಕಿ ತೋರಿಸಿ. ಪೈಪುಗಳು ಕೆಳಗಿನ ಸಳಿಯ ಮೇಲೆ, ಮೇಲಿನ ಸಳಿಯ ಕೆಳಗೆ ಇರಬೇಕು. ನಾಲ್ಕೈದು ಪೈಪ್ ಒಟ್ಟಿಗೆ ಒತ್ತಿಕೊಂಡು ಹೋಗಬಾರದು. ಡಬ್ಬಿಗಳ ಬಾಯಿಗೆ ಕಾಗದ ತುರುಕಿ ಟೇಪ್ ಸುತ್ತಬೇಕು, ಇಲ್ಲದಿದ್ದರೆ ಸಿಮೆಂಟ್ ಹಾಲು ಹೊಕ್ಕು ಪೈಪ್ ಮುಚ್ಚಿಹೋಗುತ್ತದೆ.

ಥಿಯೇಟರಿಗೆ ಹೋಗುವುದಾದರೆ 9ರಿಂದ 19ರವರೆಗೆ ಸಂಜೆ ಐದೂವರೆಗೆ ನೀರು ನೋಡಿ ಫಸ್ಟ್ ಶೋಗೆ ಹೋಗುವುದೇ ಸರಿ. ಸೆಕೆಂಡ್ ಶೋ ಮುಗಿಯುವಾಗ ನಡುರಾತ್ರಿ ದಾಟುತ್ತದೆ, ಬೆಳಿಗ್ಗೆ ಆರಕ್ಕೆ ಮಡಿ ತುಂಬಲು ಏಳಲಾಗುವುದಿಲ್ಲ. ಮಕ್ಕಳಿದ್ದರೆ ಬೆಳಗಿನ ಆಟ ಇನ್ನೂ ಒಳ್ಳೆಯದು, ಸುಡುವ ಮಧ್ಯಾಹ್ನ ತಂಪಿನಲ್ಲಿ ಕಳೆಯುತ್ತದೆ.

ಅಣ್ಣಿಗೇರಿ_ಪ್ಯಾಸೆಂಜರ್

ಓಡಾಟಕ್ಕೆ ಒಂದು ಅಂದಾಜು. ಗದಗ, ಲಕ್ಕುಂಡಿಯನ್ನು 9–19ರ ನಡುವೆ ಒಂದೇ ದಿನದಲ್ಲಿ ಮುಗಿಸಬಹುದು. ಹುಬ್ಬಳ್ಳಿಯಿಂದ ಗದಗ ಸುಮಾರು 58 ಕಿ.ಮೀ., ಅಲ್ಲಿಂದ ಲಕ್ಕುಂಡಿ ಸುಮಾರು 12. ನಿಮ್ಮ ಸೈಟು ಗದಗ ರಸ್ತೆಯಲ್ಲೇ ಇರುವುದು ಅನುಕೂಲ, ಆರೂವರೆಗೆ ನೀರು ತುಂಬಿಸಿ ಹಾಗೇ ಹೊರಡಿ. ಮೊದಲು ಗದಗದಲ್ಲಿ ನಿಲ್ಲದೆ ಲಕ್ಕುಂಡಿಗೇ ಹೋಗಿ. ಹತ್ತರ ಮೇಲೆ ಅಲ್ಲಿಯ ಕಲ್ಲು ಕಾದು ಮಕ್ಕಳ ಬರಿಗಾಲು ಸುಡುತ್ತದೆ, ಚೀಲದಲ್ಲಿ ಕಾಲುಚೀಲ ಇರಲಿ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿವಿಶ್ವೇಶ್ವರ, ಮುಸುಕಿನ ಬಾವಿ, ಇವಿಷ್ಟಕ್ಕೆ ಎರಡೂವರೆ ತಾಸು. ಆಮೇಲೆ ಗದಗಿನಲ್ಲಿ ತ್ರಿಕೂಟೇಶ್ವರ, ಕುಮಾರವ್ಯಾಸ ಕೂತು ಬರೆದನೆನ್ನುವ ಕಂಬವಿರುವ ವೀರನಾರಾಯಣ ಗುಡಿ. ಮರಳುವಾಗ ಅಣ್ಣಿಗೇರಿಯ ಅಮೃತೇಶ್ವರ ಗುಡಿ ದಾರಿಯಲ್ಲೇ ಸಿಗುತ್ತದೆ, 76 ಕಂಬಗಳ ಮಂಟಪ. ಐದಕ್ಕೆ ಸೈಟಿನಲ್ಲಿರಬಹುದು.

ಹಾವೇರಿ ಕಡೆಯ ಎರಡು ದಿನಕ್ಕೆ 21, 22 ಇಟ್ಟುಕೊಳ್ಳಿ. ಶಿಗ್ಗಾಂವಿ ದಾಟಿ ಬಂಕಾಪುರ: ಕೋಟೆಯೊಳಗೆ ನಗರೇಶ್ವರ, ಅರವತ್ತಾರು ಕಂಬದ ಗುಡಿ, ಸುತ್ತ ನವಿಲುಧಾಮ. ನವಿಲು ಕಾಣಬೇಕಾದರೆ ಬೆಳಿಗ್ಗೆ ಏಳರೊಳಗೆ ಅಲ್ಲಿರಬೇಕು. ಅಲ್ಲಿಂದ ಹಾನಗಲ್ಲಿನ ತಾರಕೇಶ್ವರ, ಹಾವೇರಿಯ ಸಿದ್ಧೇಶ್ವರ. ಬ್ಯಾಡಗಿಗೆ ಹೋಗುವ ಮನಸ್ಸಿದ್ದರೆ ವರ್ಷದ ಮೆಣಸಿನಕಾಯಿಯನ್ನೂ ತಂದುಬಿಡಬಹುದು. ಆದರೆ ಅದನ್ನು ಒಣಗಿಸಲು, ಸಂಡಿಗೆ ಹಾಕಲು ಹೊಸ ತಾರಸಿ ಈ ವರ್ಷ ಲೆಕ್ಕಕ್ಕಿಲ್ಲ ಎಂದು ಮನೆಯಲ್ಲಿ ಮೊದಲೇ ಹೇಳಿಡಿ.

ಅರ್ಧ ದಿನ ಮಾತ್ರ ಸಿಕ್ಕರೆ ಚಿಗರಿ (ಹುಬ್ಬಳ್ಳಿ–ಧಾರವಾಡ ನಡುವಿನ ವೇಗದ) ಬಸ್ಸು ಹತ್ತಿ ಧಾರವಾಡಕ್ಕೆ ಹೋಗಿ ಸಾಧನಕೇರಿಯಲ್ಲಿ ಮಕ್ಕಳನ್ನು ಆಡಿಸಿ, ಪೇಡೆ ಕಟ್ಟಿಸಿಕೊಂಡು ಬನ್ನಿ.

ಎರಿಹೊಲದ_ಮನಿ

ತಾರೀಖುಗಳನ್ನೆಲ್ಲ ಗೋಡೆಯ ಕ್ಯಾಲೆಂಡರಿಗೆ ಬರೆದುಕೊಂಡಿದ್ದಾಯಿತು. ಕೊನೆಯ ಎರಡು ಪ್ರಶ್ನೆ. 20ಕ್ಕೆ ನೀರು ಹಾಕುವುದು ಮುಗಿದ ಮೇಲೆ ಮೊದಲ ಮಹಡಿಯ ಇಟ್ಟಂಗಿ ಮೇಲೇರಿಸಿ ಇಡುತ್ತೇವೆ ಎನ್ನುತ್ತಿದ್ದಾರೆ, ಬಿಡಬಹುದೇ? ಕಾಂಕ್ರೀಟ್ ಸರಿಯಾಗಿದೆ ಎಂದು ತಿಳಿಯಲು ಮನೆಯವರಿಗೆ ಏನಾದರೂ ದಾರಿ ಇದೆಯೇ?

ಬೀಮ್_ಕಾಲಮ್_ಧಾರವಾಡ

ಇಟ್ಟಂಗಿಗೆ ಜೂನ್ 2ರವರೆಗೆ, ಅಂದರೆ 28 ದಿನ ಮುಗಿಯುವ ತನಕ ಅವಕಾಶ ಕೊಡಬೇಡಿ. ಮನೆಯ ಸ್ಲ್ಯಾಬನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಓಡಾಟದ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ಸಾವಿರ ಇಟ್ಟಂಗಿ ಎಂದರೆ ಸುಮಾರು ಮೂರು ಟನ್. ಒಂದು ಮೀಟರ್ ಎತ್ತರ ಒಟ್ಟಿದರೆ ಆ ಒಂದು ಚದರ ಮೀಟರಿನ ಮೇಲೆ ಒಂದೂವರೆ ಟನ್ನಿಗೂ ಹೆಚ್ಚು ಕೂತಂತೆ. 28 ದಿನದ ನಂತರವೂ ನಡುವೆ ಒಟ್ಟಬಾರದು, ಬೀಮಿನ ಮೇಲೆ ಸಾಲಾಗಿ, ಮೂರು ನಾಲ್ಕು ವರಸೆ ಎತ್ತರ ಮಾತ್ರ ಹರಡಿ ಇಡಬೇಕು.

ಕಾಂಕ್ರೀಟ್ ಪರೀಕ್ಷೆಗೆ 150 ಎಂಎಂ ಕ್ಯೂಬ್ ಅಚ್ಚು ಆರು ತರಿಸಿ. ಮೊದಲ ಗಾಣದ ಮಾಲು ಬೇಡ, ಹತ್ತು ಗಂಟೆ ಮತ್ತು ಒಂದು ಗಂಟೆಯ ಹೊತ್ತಿನ ಮಾಲಿನಿಂದ ಮೂರು ಮೂರು ತುಂಬಿಸಿ. ಮೇಲೆ ಸುರಿದಿದ್ದರಿಂದಲೇ ತುಂಬಬೇಕು, ಕೆಳಗೆ ಬೇರೆ ಕಲಸಿ ಕೊಟ್ಟದ್ದರಿಂದಲ್ಲ. ಮಾರನೇ ದಿನ ಅಚ್ಚು ಬಿಚ್ಚಿ ತಾರೀಖು ಬರೆದು, ನೀರಿನ ಡ್ರಮ್ಮಿನಲ್ಲಿ ಮುಳುಗಿಸಿಡಿ. ಮೂರನ್ನು 7ನೇ ದಿನ, ಅಂದರೆ 12ಕ್ಕೆ, ಮೂರನ್ನು ಜೂನ್ 2ಕ್ಕೆ ಒಡೆಸಬೇಕು. ಎರಡೂ ಸಲ ಎರಡೂ ಹೊತ್ತಿನ ಕ್ಯೂಬ್ ಇರುವಂತೆ ಬೆರೆಸಿ ಒಯ್ಯಿರಿ. ಪರೀಕ್ಷಾ ಯಂತ್ರವಿರುವ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದಲ್ಲಿ ವಿಚಾರಿಸಿ. ಎಂ20ಕ್ಕೆ 7 ದಿನದಲ್ಲಿ ಚದರ ಮಿಲಿಮೀಟರಿಗೆ 13 ನ್ಯೂಟನ್ ಆಸುಪಾಸು ಬರುತ್ತದೆ. ಪಿಪಿಸಿ ಆದ್ದರಿಂದ ತುಸು ಕಡಿಮೆ ಬಂದರೆ ಗಾಬರಿ ಬೇಡ. 10ಕ್ಕಿಂತ ಕೆಳಗೆ ಬಂದರೆ ಮಾತ್ರ 26ಕ್ಕೆ ಬೀಮಿನ ಜಾಕಿ ಬಿಚ್ಚುವುದನ್ನು ನಿಲ್ಲಿಸಿ, ಜೂನ್ 2ರ ಫಲಿತಾಂಶ ಬರುವವರೆಗೆ ಹಾಗೇ ಇರಲಿ. ಆ ಹೆಚ್ಚುವರಿ ವಾರದ ಬಾಡಿಗೆ ಕೊಟ್ಟರೂ ಸರಿಯೇ.